ನೆಟ್ಟಿನ್ಯಾಗ ಕಥಿ ಹುಡುಕೋದು, ಹುಡುಕಿ ಓದೋದು

ಎಲ್ಲಾರಿಗೂ ನಮಸ್ಕಾರ್ರಿ. ಗಂಗಾವತಿಯ ಓದುಗರ ಬಳಗದೋರು ಫೋನ್ ಮಾಡಿ, ಇಂಟರ್ನೆಟ್ಟಿನ್ಯಾಗ ಬರೋ ಕಥಿ ಕಾದಂಬರಿ ಬಗ್ಗೆ ಒಂದ್ ತಾಸು ಮಾತಾಡ್ರಿ ಅಂದಾಗ ಒಂದ ಮಾತಿಗೆ ಹೂಂ ಅಂದೆ, ಯಾಕಂದ್ರ ಇದು ನನಗ ಭಾಳ ಪ್ರೀತಿ ವಿಷಯ. ಇಲ್ಲಿ ಡಿಗ್ರಿ ಓದೋ ಹುಡುಗ್ರು ಹುಡುಗೇರು ಅದಾರ, ಟೀಚರ್ಸ್ ಅದಾರ, ರೈಸ್‌ಮಿಲ್‌ನ್ಯಾಗ ಲೆಕ್ಕ ಬರಿಯೋರು ಅದಾರ, ರಿಟೈರ್ ಆದ ಹಿರಿಯರು ಅದಾರ. ಎಲ್ಲಾರ ಕೈಯಾಗೂ ಫೋನ್ ಐತಿ. ಅದರಾಗ ಕನ್ನಡದ ಒಳ್ಳೊಳ್ಳೆ ಕಥಿ ಎಷ್ಟ್ ಅದಾವ ಅಂದ್ರ ಒಂದ್ ಜನ್ಮಕ್ಕ ಓದಿ ಮುಗಿಯಂಗಿಲ್ಲ. ಆದ್ರ ಅವು ತಾವಾಗೇ ನಿಮ್ಮ ಮುಂದ ಬಂದು ನಿಂದ್ರಂಗಿಲ್ಲ.

ಭಾಳ ಮಂದಿ ಹೇಳ್ತಾರ, ನೆಟ್ಟಿನ್ಯಾಗ ಬರೋದೆಲ್ಲಾ ಕಸ ಬಿಡ್ರಿ ಸರ, ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರೀತಾರ ಅಂತ. ಈ ಮಾತಿನ್ಯಾಗ ಸ್ವಲ್ಪ ಖರೇನೂ ಐತಿ. ಸುಧಾ 1965ಕ್ಕ ಶುರು ಆತು, ತರಂಗ 1983ಕ್ಕ, ಅದರಾಗ ಬರೋ ಧಾರಾವಾಹಿ ಹಾಳಿ ಹರ್ಕೊಂಡು, ದಾರ ಹಾಕಿ ಹೊಲ್ದು, ರಟ್ಟು ಹಚ್ಚಿ ಇಟ್ಕೊಂಡಿರೋ ಮನಿ ನಮ್ಮ ಕಡೆ ಎಷ್ಟ್ ಇದ್ದೂ, ಹಿರಿಯರಿಗೆ ನೆನಪು ಇರ್ತದ. ಆಗ ಒಬ್ಬ ಸಂಪಾದಕ ನೂರು ಕಥಿ ಓದಿ ಒಂದ್ ಆರಿಸಿ ಕೊಡ್ತಿದ್ದ, ನಾವು ಕುಂತು ಓದ್ತಿದ್ವಿ. ಈಗ ನಡುವ ಆ ಮನುಷ್ಯಾ ಭಾಳ ಕಡೆ ಇಲ್ಲ, ಹಂಗಾಗಿ ಆರಿಸೋ ಕೆಲಸ ಓದೋರ ಮ್ಯಾಲ ಬಂದೈತಿ. ನಾ ಇವತ್ತು ಹೇಳೋದು ಇಷ್ಟ ರಿ, ಆ ಕೆಲಸ ಹೊರಿ ಅಲ್ಲ, ಕಲಿತ್ರ ಅದರಾಗ ಓದಿನಷ್ಟ ಖುಷಿ ಐತಿ.

ಮೊದಲ ಸ್ವಲ್ಪ ಹಿಂದಿನ ಕಥಿ. ಯು.ಬಿ. ಪವನಜ ಅವ್ರು 1996ರಾಗ 'ವಿಶ್ವಕನ್ನಡ' ಅಂತ ಕನ್ನಡದ ಮೊದಲನೇ ಇಂಟರ್ನೆಟ್ ಪತ್ರಿಕಿ ಮಾಡಿದ್ರು. 1998ಕ್ಕ ಕಂಪ್ಯೂಟರಿನ್ಯಾಗ ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್, ಶೇಷಾದ್ರಿವಾಸು ಅವ್ರ 'ಬರಹ' ಬಂತು, ಆಮ್ಯಾಲ ಅಂಥದ್ದ ಕನ್ನಡ ಗಣಕ ಪರಿಷತ್ತಿನೋರ 'ನುಡಿ' ಬಂತು, ಡಿಟಿಪಿ ಅಂಗಡಿಯಾಗ ಇವತ್ತಿಗೂ ನುಡೀನ ನಡೀತದ. ಆದ್ರ ಆ ಕಾಲದ ಫಾಂಟಿನ್ಯಾಗ ಒಂದ್ ತೊಡಕು ಐತಿ. ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಚಿತ್ರ ಕೂಡ್ಸಿದ್ದು ಅದು, ಫಾಂಟ್ ಇದ್ರ ಕನ್ನಡ ಕಾಣ್ತದ, ಇಲ್ಲಂದ್ರ ಏನೇನೋ ಚಿಹ್ನಿ ಕಾಣ್ತಾವ. ಗೂಗಲ್‌ಗಂತೂ ಅದು ಕನ್ನಡ ಅಂತನ ಗೊತ್ತಾಗಂಗಿಲ್ಲ. ಹಂಗಾಗಿ ಆಗಿನ ಎಷ್ಟೋ ಬರಹ ನೆಟ್ಟಿನ್ಯಾಗ ಇದ್ರೂ ಸರ್ಚಿಗೆ ಸಿಗಂಗಿಲ್ಲ, ನುಡಿಯಾಗ ಮಾಡಿದ ಪಿಡಿಎಫ್‌ನಿಂದ ಒಂದ್ ಸಾಲು ಕಾಪಿ ಮಾಡಿ ಅಂಟಿಸಿ ನೋಡ್ರಿ, ಗೊತ್ತಾಗ್ತದ. ಪ್ರತಿ ಭಾಷಾದ ಅಕ್ಷರಕ್ಕೂ ಬ್ಯಾರೆ ಬ್ಯಾರೆ ನಂಬರ್ ಕೊಡೋ ಯೂನಿಕೋಡ್ ಎಲ್ಲಾ ಕಡೆ ಬಂದ ಮ್ಯಾಲ ಈ ಗಂಟು ಬಿಚ್ಚಿತು. 2005ರಾಗ 'ಸಂಪದ' ಅನ್ನೋ ಸೈಟ್ ಶುರು ಆತು, ಆಮ್ಯಾಲ 'ಕೆಂಡಸಂಪಿಗೆ', 'ಅವಧಿ', 'ಋತುಮಾನ' ಹಿಂಗ ವೆಬ್ ಪತ್ರಿಕಿ ಒಂದೊಂದ ಬಂದವು, ಯಾರ್ ಬೇಕಾದ್ರೂ ಕಥಿ ಹಾಕೋ 'ಪ್ರತಿಲಿಪಿ' 2014ಕ್ಕ ಬೆಂಗಳೂರಿನಿಂದ ಶುರು ಆತು. ಫೋನಿನ್ಯಾಗ ಕನ್ನಡ ಕೀಬೋರ್ಡ್ ಬಂದ ಮ್ಯಾಲಂತೂ ಕಂಪ್ಯೂಟರ್ ಮುಟ್ಟದೋರೂ ಬರಿಯಾಕ ಹತ್ತಿದ್ರು.

ಈಗ ಹುಡುಕೋ ವಿಷಯಕ್ಕ ಬರ್ತೀನಿ. ಗೂಗಲ್‌ನ್ಯಾಗ 'ಕನ್ನಡ ಕಥೆ' ಅಂತ ಹೊಡದ್ರ ಏನ್ ಬರ್ತದ? ಮಕ್ಕಳ ನೀತಿಕಥಿ, ಕಾರ್ಟೂನ್ ವಿಡಿಯೋ, ನರಿ-ದ್ರಾಕ್ಷಿ. ಅಲ್ಲೇ ಬ್ಯಾಸರಾಗಿ ಬಿಟ್ಟಬಿಡ್ತಾರ ಮಂದಿ. ಹಂಗ ಹುಡುಕಬ್ಯಾಡ್ರಿ. ಕಥಿಯೊಳಗ ಇರಬೇಕಾದ ಮಾತು ಹಾಕ್ರಿ. ಗುಳೆ ಹೋದೋರ ಕಥಿ ಬೇಕಂದ್ರ 'ಗುಳೆ' ಜೊತಿಗೆ 'ಸಣ್ಣಕಥೆ' ಅಂತ ಹಾಕ್ರಿ, ಒಮ್ಮೆ 'ಕಥೆ' ಒಮ್ಮೆ 'ಕತೆ' ಎರಡೂ ಹಾಕ್ರಿ ಯಾಕಂದ್ರ ಬರಿಯೋರು ಎರಡೂ ರೀತಿ ಬರೀತಾರ. ಕಂಗ್ಲಿಷ್‌ನ್ಯಾಗ ಟೈಪ್ ಮಾಡಬ್ಯಾಡ್ರಿ, ಕನ್ನಡ ಅಕ್ಷರದಾಗ ಮಾಡ್ರಿ, ಸಿಗೋದು ಪೂರಾ ಬ್ಯಾರೇನ ಇರ್ತದ. ಒಂದ್ ವೆಬ್ ಪತ್ರಿಕಿಯಾಗ ಕಥಿ ಹಿಡಿಸ್ತು ಅಂದ್ರ ಅಲ್ಲಿಗೆ ಬಿಡಬ್ಯಾಡ್ರಿ, ಕಥಿಗಾರರ ಹೆಸರ ಮ್ಯಾಲ ಒತ್ತಿದ್ರ ಅವ್ರು ಬರ್ದಿದ್ದೆಲ್ಲಾ ಸಾಲಾಗಿ ಬರ್ತದ ಎಷ್ಟೋ ಸೈಟಿನ್ಯಾಗ, ಹಿಂದಿಂದು ಹಿಂದಿಂದು ಹೋಗ್ರಿ. ಹೊಸದು ಮ್ಯಾಲ ತೇಲ್ತದ, ಚಲೋದು ಭಾಳ ಸಲ ಕೆಳಗ ಕುಂತಿರ್ತದ.

ಇದಕ್ಕಿಂತ ಚಲೋ ದಾರಿ ಅಂದ್ರ ಮನುಷ್ಯಾರ ಬೆನ್ನ ಹತ್ತೋದು. ಕಥಿಗಾರ ಅಮರೇಶ ನುಗಡೋಣಿ ನಮ್ಮ ರಾಯಚೂರು ಸೀಮಿಯೋರು, ಇನ್ನೊಬ್ಬ ಕಥಿಗಾರ ವಸುಧೇಂದ್ರ ಸಂಡೂರಿನೋರು, ಇವ್ರ ಸಂದರ್ಶನ ನೆಟ್ಟಿನ್ಯಾಗ ಸಿಗ್ತಾವ, ಓದ್ರಿ. ಓದುವಾಗ ಇನ್ಯಾರ ಹೆಸರು ಬಂತು ಅಂತ ಪಕ್ಕಕ್ಕ ಬರ್ಕೋರಿ. ವಸುಧೇಂದ್ರ ಅವ್ರ ಪ್ರಕಾಶನ ಛಂದ ಪುಸ್ತಕದೋರು ಹೊಸ ಕಥಿಗಾರರ ಹಸ್ತಪ್ರತಿಗೆ ಬಹುಮಾನ ಕೊಡ್ತಾರ, ಆ ಬಹುಮಾನ ತಗೊಂಡೋರ ಹೆಸರು ಒಂದೊಂದ ಹುಡುಕಿ ನೋಡ್ರಿ. ಮತ್ತೊಂದು, ಒಂದ್ ಕಥಿ ಕೆಳಗ ಯಾರೋ ಒಬ್ರು ನಾಕ ಸಾಲು ಸರಿಯಾಗಿ ಬರ್ದಿರ್ತಾರ, ಕಥಿಯ ಯಾವ ಜಾಗದಾಗ ಜೀವ ಐತಿ ಅಂತ ಹಿಡ್ದಿರ್ತಾರ. ಆ ಓದುಗರನ್ನ ಹಿಡೀರಿ. ಅವ್ರು ಇನ್ನೇನ್ ಓದ್ಯಾರ, ಎಲ್ಲೆಲ್ಲಿ ಬರ್ದಾರ ನೋಡ್ರಿ. ಫೋನ್ ತಾನಾಗೇ ತೋರ್ಸೋದ್ರಾಗ ನಿನ್ನೆ ಓದಿದಂಥದ್ದ ಇವತ್ತೂ ಬರ್ತದ, ಒಬ್ಬ ಒಳ್ಳೇ ಓದುಗ ನಿಮ್ಮನ್ನ ಗೊತ್ತಿಲ್ಲದ ಓಣಿಗೆ ಕರ್ಕೊಂಡು ಹೋಗ್ತಾನ.

ಇಂಗ್ಲಿಷ್‌ನ್ಯಾಗ ಈ ಆರಿಸೋ ಕೆಲಸಕ್ಕ ಓದೋರ ಒಂದ್ ವ್ಯವಸ್ಥಾ ಕಟ್ಯಾರ. 'ಆರ್ಕೈವ್ ಆಫ್ ಅವರ್ ಓನ್' ಅಂತ ಐತಿ, 2009ರಾಗ ಮಂದಿಗೆ ತೆರದ್ರು, ಜಾಹೀರಾತು ಇಲ್ಲ, ರೊಕ್ಕ ಇಲ್ಲ, ಸ್ವಯಂಸೇವಕರು ನಡಸ್ತಾರ. ತಮಗ ಪ್ರೀತಿಯ ಪಾತ್ರಗಳನ್ನ ಇಟ್ಕೊಂಡು ಅಭಿಮಾನಿಗಳು ಬರ್ದ ಕಥಿ ಅಲ್ಲಿ ಇರ್ತಾವ. ಪ್ರತಿ ಕಥಿಗೂ ಬರ್ದೋರ ಚೀಟಿ, ಅಂದ್ರ ಟ್ಯಾಗ್, ಹಚ್ತಾರ: ಮುಗದೈತೋ ಇಲ್ಲೋ, ಎಂಥ ಕಥಿ, ಒಳಗ ಹಿಂಸಾ ಐತೋ ಹೆಂಗ. ಒಬ್ಬೊಬ್ರು ಒಂದೊಂದ್ ರೀತಿ ಬರ್ದ ಚೀಟಿಗಳನ್ನ ಸ್ವಯಂಸೇವಕರು ಕುಂತು ಒಂದಕ್ಕೊಂದು ಜೋಡಸ್ತಾರ. 2019ಕ್ಕ ಆ ತಾಣಕ್ಕ ವಿಜ್ಞಾನಕಥಿ ಲೋಕದ ದೊಡ್ಡ ಪ್ರಶಸ್ತಿ ಹ್ಯೂಗೋ ಬಂತು. ಕನ್ನಡದಾಗ ಇಷ್ಟು ಬಂದೋಬಸ್ತಿನ ಚೀಟಿ ಪದ್ಧತಿ ನಾ ಕಂಡಿಲ್ಲ. ಇಲ್ಲಿ ಕುಂತಿರೋ ಹುಡುಗ್ರಿಗೆ ಇದು ಮಾಡೋವಂಥ ಕೆಲಸ, ಒಂದ್ ಹಂಚ್ಕೊಂಡ ಶೀಟ್ ಸಾಕು: ಕಥಿ ಹೆಸರು, ಬರ್ದೋರು, ಲಿಂಕು, ಎಷ್ಟ್ ಹೊತ್ತು ಓದ್ಬೇಕು, ಯಾವ ಊರಿನ ಕನ್ನಡ.

ಪ್ರತಿಲಿಪಿ ಬಗ್ಗೆ ಸಾಹಿತ್ಯದ ಮಂದಿ ಮೂಗು ಮುರೀತಾರ, ನನಗ ಅದು ಸರಿ ಅನ್ಸಂಗಿಲ್ಲ. ಖರೆ, ಅಲ್ಲಿ ಒಂದೇ ಥರದ ಪ್ರೇಮಕಥಿ, ಸೊಸಿ-ಅತ್ತಿ ಜಗಳ, ದೆವ್ವದ ಕಥಿ ರಾಶಿ ರಾಶಿ ಅದಾವ, ಕಂತು ಮುಗಿಯೋ ಹೊತ್ತಿಗೆ ಒಂದ್ ಗಂಟು ಹಾಕಿ ನಿಲ್ಲಸ್ತಾರ. ವಾರಪತ್ರಿಕಿ ಧಾರಾವಾಹಿನೂ ಹಂಗ ನಿಲ್ತಿತ್ತಲ್ರಿ? ಮುಂದಿನ ವಾರದ ತನಕ ಅಕ್ಕ-ತಂಗೇರು ಕೂಡಿ ಏನಾಗಬಹುದು ಅಂತ ಮಾತಾಡ್ತಿದ್ರು. ಮತ್ತ ಅಲ್ಲಿ ಬರಿಯೋರಾಗ ಮನಿ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮ್ಯಾಲ ಫೋನ್ ಹಿಡಿಯೋ ಹೆಣ್ಣುಮಕ್ಕಳು ಅದಾರ, ಕಥಿ ಅಂಚಿಗೆ ಹಾಕೋದು ಹೆಂಗ, ಯಾವ ಸಂಪಾದಕರಿಗೆ ಕಳಸೋದು ಅಂತ ಅವ್ರಿಗೆ ಯಾರೂ ಹೇಳಿಕೊಟ್ಟಿರಂಗಿಲ್ಲ. ಅವ್ರ ಬರಹದಾಗ ಅಡಿಗಿಮನಿಯ ಸಿಟ್ಟು, ಸೀರಿ ಸೆರಗಿನ್ಯಾಗ ಗಂಟು ಕಟ್ಟಿ ಇಟ್ಟ ರೊಕ್ಕ, ತವರಿಗೆ ಹೋಗಾಕ ಕೇಳಬೇಕಾದ ಒಪ್ಪಿಗಿ, ಇವೆಲ್ಲಾ ಹೆಂಗ ಬರ್ತಾವ ಅಂದ್ರ ಓದ್ತಾ ಓದ್ತಾ ಎದಿ ಹಿಡ್ಕೊಂಡಂಗ ಆಗ್ತದ. ಧಾರಾವಾಹಿ ಆರಿಸುವಾಗ ಸ್ಟಾರ್ ಎಣಸಬ್ಯಾಡ್ರಿ. ಮೊದಲನೇ ಕಂತು ಎಲ್ಲಾರೂ ಒದ್ದಾಡಿ ಚಂದ ಬರ್ದಿರ್ತಾರ, ಅದಕ್ಕ ನಡುವಿನ ಒಂದ್ ಕಂತು ತಗದು ಎರಡ್ ಪುಟ ಓದ್ರಿ, ಪಾತ್ರಗಳು ಮಾತಾಡೋದು ನೋಡ್ರಿ. ಎಲ್ಲಾ ಪಾತ್ರ ಒಂದ ದನಿಯಾಗ ಮಾತಾಡಿದ್ರ ಮುಂದ ಹೋಗ್ರಿ. ಕಥಿ ಮುಗದೈತಿ ಅಂತ ಖಾತ್ರಿ ಮಾಡ್ಕೊಂಡು ಶುರು ಮಾಡಿದ್ರ ಇನ್ನೂ ಚಲೋ.

ಒಂದ್ ಕಥಿ ಬಗ್ಗೆ ಹೇಳ್ಬೇಕು. ರಾಯಚೂರಿನ ಹತ್ತಿ ಮಾರ್ಕೆಟ್ಟಿನ್ಯಾಗ ನಡಿಯೋ ಸಣ್ಣ ಕಥಿ, ಬರ್ದ ಹುಡುಗ ಹೆಸರಾದವ ಅಲ್ಲ. ರೈತ ರಾತ್ರಿ ಗಾಡಿ ತಂದು ದಲಾಲಿ ಅಂಗಡಿ ಮುಂದ ಹತ್ತಿ ಅಂಡಿಗಿ ಮ್ಯಾಲ ಮಲಗ್ಯಾನ, ಬೆಳಗಿನ ತನಕ ರೇಟ್ ಏನಾಗ್ತದೋ ಅಂತ ನಿದ್ದಿ ಇಲ್ಲ, ಬಾಜೂಕ ಹಮಾಲ ಒಬ್ಬ ಬೀಡಿ ಹಚ್ಚಿ ತನ್ನ ಮಗಳ ಸಾಲಿ ಮಾತು ತಗೀತಾನ, ನಡುವ ನಾಕ ಹನಿ ಮಳಿ ಬೀಳ್ತದ. ಅಷ್ಟ ಕಥಿ. ಇಬ್ರೂ ಒಬ್ರಿಗೊಬ್ರು ಹೆಸರೂ ಕೇಳಂಗಿಲ್ಲ. ಅದರ ಕೆಳಗ ಮಾನ್ವಿ ಕಡೆಯೋರು ಒಬ್ರು ಬರ್ದಿದ್ರು, ತಮ್ಮ, ಕಥಿ ಚಲೋ ಐತಿ, ಆದ್ರ ಮಳಿ ಹನಿ ಬಿದ್ದಾಗ ರೈತ ಮೊದಲ ತಾಡಪಾಲು ಹುಡುಕ್ತಾನ, ಬೀಡಿ ಮಾತು ಆಮ್ಯಾಲ ಅಂತ. ಬರ್ದ ಹುಡುಗ ಆ ಮಾತು ಒಪ್ಪಿ ಕಥಿ ತಿದ್ದಿದ. ಈಗ ಆ ಕಥಿಯಾಗ ಇಬ್ರೂ ಕೂಡಿ ಕತ್ತಲದಾಗ ತಾಡಪಾಲು ಎಳಿಯೋ ಒಂದ್ ಸಾಲು ಐತಿ, ಕಥಿಯ ಜೀವ ಆ ಸಾಲಿನ್ಯಾಗ ಐತಿ ಅಂತ ನನಗ ಅನಸ್ತದ. ಅಚ್ಚಾದ ಪುಸ್ತಕದಾಗ ಇದು ಆಗೋದು ಕಷ್ಟ. ಅಮೆರಿಕದ ಆಂಡಿ ವಿಯರ್ 'ದ ಮಾರ್ಷಿಯನ್' ಕಾದಂಬರಿಯನ್ನ ಹಿಂಗ ತನ್ನ ಸ್ವಂತ ಸೈಟಿನ್ಯಾಗ ಒಂದೊಂದ ಅಧ್ಯಾಯ ಪುಗಸಟ್ಟೆ ಹಾಕಿದ, ವಿಜ್ಞಾನ ಗೊತ್ತಿದ್ದ ಓದುಗರು ತಪ್ಪು ತೋರ್ಸಿದ್ರು, ತಿದ್ದಿದ, 2011ಕ್ಕ ಕಿಂಡಲ್‌ನ್ಯಾಗ 99 ಸೆಂಟಿಗೆ ಇಟ್ಟ, ದೊಡ್ಡ ಪ್ರಕಾಶಕರು ಅದನ್ನ ಅಚ್ಚು ಮಾಡಿದ್ದು ಆಮ್ಯಾಲ.

ಆ ಹತ್ತಿ ಕಥಿ ಪೂರಾ ನಮ್ಮ ಮಾತಿನ್ಯಾಗ ಐತಿ. ನಮ್ಮ ಭಾಗದ ಹುಡುಗ್ರು ಬೆಂಗಳೂರು ಕಡೆ ಹೋದಾಗ ತಮ್ಮ ಕನ್ನಡ ಶುದ್ಧ ಇಲ್ಲ ಅಂತ ದನಿ ಇಳಸ್ತಾರ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲೈತಿ ಅಂತ ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತಿಗೆ ಕೊಪಣ ಅಂತ ಹೆಸರು ತಗೀತದ, ಅದು ನಮ್ಮ ಕೊಪ್ಪಳ ರಿ. ಈಗ ನೆಟ್ಟಿನ್ಯಾಗ ಲಿಂಗಸೂರಿನ ಹುಡುಗಿ ಲಿಂಗಸೂರಿನ ಮಾತಿನ್ಯಾಗ, ಸಿರುಗುಪ್ಪದಂವ ತೆಲುಗು ಬೆರೆಸಿದ ತನ್ನ ಮಾತಿನ್ಯಾಗ ಕಥಿ ಹಾಕಿದ್ರ ತಿದ್ದಿ ಸಪ್ಪಗ ಮಾಡೋರು ನಡುವ ಯಾರೂ ಇಲ್ಲ. ಸಂಪಾದಕ ಇಲ್ಲದ್ದಕ್ಕ ನಮಗಾದ ದೊಡ್ಡ ಲಾಭ ಇದು.

ಕಣ್ಣಿಗೆ ಆಗಲಾರದೋರಿಗೆ, ಓದಾಕ ಬರದೋರಿಗೆ ಕೇಳೋ ಕಥಿ ಅದಾವ. ಮೈಲ್ಯಾಂಗ್ ಆ್ಯಪಿನ್ಯಾಗ ಕನ್ನಡದ ಆಡಿಯೋ ಪುಸ್ತಕ ಕೊಳ್ಳಬಹುದು, ಯೂಟ್ಯೂಬಿನ್ಯಾಗ ಕಥಿ ಓದಿ ಹೇಳೋರು ಅದಾರ. ನಮ್ಮ ಅಕ್ಕ ಸಾಲಿ ಬಿಟ್ಟಾಕಿ, ಓದೋದು ಆಕಿಗೆ ಆಗಂಗಿಲ್ಲ. ಮುಂಜಾನೆ ರೊಟ್ಟಿ ಬಡಿಯುವಾಗ ಫೋನ್ ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟು ಕಥಿ ಹಚ್ತಾಳ, ಕಥಿಯಾಗ ಏನಾರ ಬಿಗಿ ಆದ್ರ ಬಡಿಯೋ ಕೈ ನಿಲ್ತದ, ಹಂಚಿನ ಮ್ಯಾಲಿನ ರೊಟ್ಟಿ ಕರಗ ಆಗ್ತದ, "ತಡಿಯಪಾ, ಆಕಿ ಏನಂದ್ಲು ಕೇಳೋಣು" ಅಂತಾಳ. ಇದು ಓದು ಅಲ್ಲ ಅಂತ ಯಾರಾರ ಹೇಳಿದ್ರ ನಾ ಒಪ್ಪಂಗಿಲ್ಲ.

ಹಳೇ ಪುಸ್ತಕದ ಬಗ್ಗೆನೂ ಒಂದ್ ಮಾತು. ನಮ್ಮ ದೇಶದ ಕಾಯ್ದೆ ಪ್ರಕಾರ ಬರ್ದೋರು ತೀರ್ಕೊಂಡು 60 ವರ್ಷ ಆದ ಮ್ಯಾಲ ಹಕ್ಕು ಎಲ್ಲಾರದೂ ಆಗ್ತದ. ಕೆರೂರ ವಾಸುದೇವಾಚಾರ್ಯರು 1921ರಾಗ, ಗಳಗನಾಥರು 1942ರಾಗ ಹೋದ್ರು, ತ್ರಿವೇಣಿಯವ್ರು 1963ರಾಗ, ಅಂದ್ರ ಅವ್ರ ಕಾದಂಬರಿಗಳು 2024ರ ಜನವರಿಯಿಂದ ಮುಕ್ತ. ಇಂಟರ್ನೆಟ್ ಆರ್ಕೈವ್‌ನ್ಯಾಗ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕ ರಗಡ ಅದಾವ, 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಅನ್ನೋ ಸಂಗ್ರಹದಾಗ ಹುಡುಕ್ರಿ, ಓಂಶಿವಪ್ರಕಾಶ್ ಅವ್ರಂಥೋರು ಕೂಡಿ ಹಾಳಿ ಹಾಳಿ ಸ್ಕ್ಯಾನ್ ಮಾಡಿ ಹಾಕ್ಯಾರ. ಆದ್ರ ಬದುಕಿರೋ ಲೇಖಕರ ಹೊಸ ಪುಸ್ತಕದ ಪಿಡಿಎಫ್ ವಾಟ್ಸಾಪ್ ಗ್ರೂಪಿಗೆ ಬಂದ್ರ ದಯವಿಟ್ಟು ಮುಂದ ಕಳಸಬ್ಯಾಡ್ರಿ. ಕನ್ನಡದಾಗ ಒಂದ್ ಕಥಾಸಂಕಲನ ಸಾವಿರ ಪ್ರತಿ ಖರ್ಚಾಗೋದ ದೊಡ್ಡ ಮಾತು, ಅದನ್ನೂ ಕಸಗೊಂಡ್ರ ಬರಿಯೋರು ಹೆಂಗ ಉಳೀತಾರ.

ಮತ್ತ ನೆಟ್ಟಿನ ಕಥಿ ಕಳದು ಹೋಗ್ತಾವ, ಇದು ನನಗ ಭಾಳ ಸಂಕಟ ಕೊಡೋ ವಿಷಯ. ಡೊಮೈನ್ ರಿನ್ಯೂ ಆಗಂಗಿಲ್ಲ, ಸೈಟ್ ಹೋಗ್ತದ, ಕಥೀನೂ ಹೋಗ್ತದ. ಹಳೇ ಲಿಂಕ್ ತೆರೀಲಿಲ್ಲಂದ್ರ ಅದನ್ನ ಹಳೇ ವೆಬ್ ಪುಟ ಉಳಿಸಿ ಇಡೋ ವೇಬ್ಯಾಕ್ ಮೆಷೀನ್ ಅನ್ನೋ ಸೈಟಿಗೆ ಹಾಕಿ ನೋಡ್ರಿ, ಎಷ್ಟೋ ಸಲ ಸಿಗ್ತದ. ಅದಕ್ಕಿಂತ ಮೊದಲ, ಹಿಡಿಸಿದ ಕಥಿ ಲಿಂಕನ್ನ ಅಲ್ಲೇ 'ಸೇವ್ ಪೇಜ್' ಅಂತ ಇರೋ ಜಾಗದಾಗ ಹಾಕಿಬಿಡ್ರಿ, ಒಂದ್ ನಿಮಿಷದ ಕೆಲಸ, ಮುಂದ ಬರೋ ಓದುಗರಿಗೆ ಉಳೀತದ.

ಓದುವಾಗ ನೋಟಿಫಿಕೇಷನ್ ಬಂದ್ ಮಾಡ್ರಿ, ಬ್ರೌಸರಿನ್ಯಾಗ ರೀಡರ್ ಮೋಡ್ ಇರ್ತದ, ಅದನ್ನ ಹಚ್ಚಿ ಅಕ್ಷರ ದೊಡ್ಡದು ಮಾಡ್ಕೋರಿ, ಸಣ್ಣಕಥಿ ಒಂದ ಕೂಟಿಗೆ ಮುಗಸ್ರಿ. ಮುಗಿದ ಮ್ಯಾಲ ಬರ್ದೋರಿಗೆ ಎರಡ್ ಸಾಲು ಬರೀರಿ. 'ಸೂಪರ್ ಸರ್' ಅಂತ ಬ್ಯಾಡ, ಯಾವ ಜಾಗಕ್ಕ ನಿಂತ್ರಿ, ಎಲ್ಲಿ ಸಡ್ಲ ಅನ್ನಿಸ್ತು, ಅದನ್ನ ಬರೀರಿ. ಕುಷ್ಟಗಿಯಾಗೋ ಕಂಪ್ಲಿಯಾಗೋ ಒಬ್ರ ಕುಂತು ಬರಿಯೋರಿಗೆ ಅದು ಎಷ್ಟ್ ದೊಡ್ಡ ಆಸರಾ ಅಂತ ಬರ್ದೋರಿಗಷ್ಟ ಗೊತ್ತು.

ನಾ ಹೇಳಿದ ಸೈಟಿನ ಹೆಸರೆಲ್ಲಾ ಆ ಬೋರ್ಡ್ ಮ್ಯಾಲ ಬರ್ದೀನಿ, ಫೋಟೋ ತಕ್ಕೋರಿ. ಮುಂದಿನ ತಿಂಗಳ ಬಳಗ ಸೇರಿದಾಗ ಒಬ್ಬೊಬ್ರು ಒಂದೊಂದ್ ಕಥಿ ಲಿಂಕ್ ತರ್ರಿ, ಯಾಕ ಆರಿಸಿದ್ರಿ ಅಂತ ಎರಡ್ ಮಾತು ಬರ್ಕೊಂಡು ಬರ್ರಿ, ಆ ಶೀಟ್ ಅಲ್ಲಿಂದನ ಶುರು ಮಾಡೋಣು. ಈಗ ಯಾರಿಗೆ ಏನ್ ಕೇಳೋದೈತಿ ಕೇಳ್ರಿ, ಹಿಂದ ಕುಂತೋರು ಸ್ವಲ್ಪ ಜೋರಾಗಿ.