ಧಾರವಾಡದ ಆಪೂಸಿಗೆ ಸ್ಪಾರ್ಕ್ಲಿಂಗ್ ವೈನ್

ಎಲ್ಲರಿಗೂ ನಮಸ್ಕಾರ ರೀ. ಈಗ ಕಾಣುತ್ತಿರುವುದು ನಮ್ಮ ಅಡುಗೆಮನೆ ಕಟ್ಟೆ. ಕಿಟಕಿ ಆಚೆ ಮಳೆ. ಜೂನ್ ತಿಂಗಳ ಧಾರವಾಡದ ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಜೋರಾಗಿ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಅದರ ಸಪ್ಪಳ ಮೈಕಿಗೆ ಬಿದ್ದಿದೆ. ಹಾಗೇ ಬಿಟ್ಟಿದ್ದೇನೆ, ನನಗೆ ಇಷ್ಟ ಅದು.

ಇವತ್ತು ನಮ್ಮ ಮದುವೆಯಾಗಿ ಐದು ವರ್ಷ. ಹೊರಗೆ ಊಟ ಬೇಡ, ಮನೆಯಲ್ಲೇ ಏನಾದರೂ ತಂಪಾದದ್ದು ಮಾಡೋಣ ಅಂದೆ. ಹೆಪ್ಪುಗಟ್ಟಿಸಿದ ಆಪೂಸ್ ಮಾವಿಗೆ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆ ಏಳುವ ವೈನ್, ಸೇರಿಸಿ. ಮಳೆಯಲ್ಲಿ ತಂಪು ಯಾಕೆ ಅಂದರೆ, ಆಪೂಸ್ ಮುಗಿಯುತ್ತಾ ಬಂತು. ಇನ್ನು ಹತ್ತು ದಿನ ಬಿಟ್ಟರೆ ಮುಂದಿನ ವರ್ಷವೇ.

ಹಣ್ಣು ತಂದದ್ದು ನಿನ್ನೆ, ಸೂಪರ್ ಮಾರ್ಕೆಟ್‌ನಿಂದ. ಡಜನ್‌ಗೆ 350 ರೂಪಾಯಿ. ಸೀಸನ್ ಶುರುವಿನಲ್ಲಿ ಇದಕ್ಕೆ ಎರಡು ಪಟ್ಟು ಕೊಟ್ಟಿದ್ದೆ. ಮಳೆ ಬಿದ್ದ ಮೇಲೆ ಹುಳದ ಭಯ, ಅದಕ್ಕೇ ರೇಟು ಇಳಿಯುತ್ತದೆ. ಹನ್ನೆರಡರಲ್ಲಿ ಮೂರು ಹೋದವು. ಉಳಿದ ಒಂಬತ್ತು ನೋಡಿ, ಆ ಬಣ್ಣ ನೋಡಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಚೀಲ ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಮುಂದಿನ ಸೀಟಿನ ಅಜ್ಜ ತಿರುಗಿ "ಕೆಲಗೇರಿ ಹಣ್ಣೇನವಾ?" ಅಂದರು. ವಾಸನೆ ಮೇಲೇ! ಚಿಕ್ಕವಳಿದ್ದಾಗ ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಕೆಲಗೇರಿ ತೋಟಗಳ ಕಡೆ ಕರೆದುಕೊಂಡು ಹೋಗುತ್ತಿದ್ದರು. ಹುಲ್ಲಿನ ಮೇಲೆ ಹಣ್ಣು ಹರವಿಟ್ಟ ಕೋಣೆ, ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯುವ ಆ ಬಿಸಿ ವಾಸನೆ... ಹೆಚ್ಚುವ ಶಾಟ್ ಮುಗಿದೇ ಹೋಯಿತು. ಮುಂದೆ ಹೋಗೋಣ.

ಹೋಳುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರವಿ ಫ್ರೀಜರ್‌ನಲ್ಲಿ ಇಡಬೇಕು. ಗುಡ್ಡೆ ಹಾಕಿದರೆ ಒಂದೇ ಗಟ್ಟಿ ಆಗುತ್ತದೆ, ಆಮೇಲೆ ಒಡೆಯಲು ಕಲ್ಲು ಬೇಕು. ರಾತ್ರಿ ಇಟ್ಟೆ, ಬೆಳಿಗ್ಗೆ ಗೋಲಿಯಂತೆ ಆಗಿದ್ದವು. ಐಸ್ ಬದಲು ಇವೇ. ಈ ವಿಷಯದಲ್ಲಿ ನನ್ನದು ಒಂದೇ ಮಾತು. ಐಸ್ ಕರಗಿದರೆ ನೀರು, ಹಣ್ಣು ಕರಗಿದರೆ ಹಣ್ಣೇ. ಸಾವಿರ ರೂಪಾಯಿ ಕೊಟ್ಟು ತಂದ ವೈನಿಗೆ ನೀರು ಯಾಕೆ ಬೆರೆಸಬೇಕು?

ಇದು ಬಾಟಲಿ. ಕಂಪನಿ ಹೆಸರು ಹೇಳುವುದಿಲ್ಲ, ಇದು ಜಾಹೀರಾತಲ್ಲ. 1,150 ರೂಪಾಯಿ, 750 ಎಂಎಲ್. ಇದನ್ನು ಶಾಂಪೇನ್ ಅನ್ನಬೇಡಿ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಇದು ಸ್ಪಾರ್ಕ್ಲಿಂಗ್ ವೈನ್, ನಮ್ಮ ದೇಶದ್ದೇ ದ್ರಾಕ್ಷಿ. ಲೇಬಲ್ ಮೇಲೆ ಬ್ರೂಟ್ ಅಂತ ಇದೆ, ಅಂದರೆ ಸಿಹಿ ಕಮ್ಮಿ. ಎಕ್ಸ್‌ಟ್ರಾ ಡ್ರೈ ಅಂತ ಇದ್ದರೆ ಇನ್ನೂ ಕಮ್ಮಿ ಅಂದುಕೊಳ್ಳಬೇಡಿ. ಅದು ಬ್ರೂಟ್‌ಗಿಂತ ಸಿಹಿ. ಯಾಕೆ ಹಾಗೆ ಹೆಸರಿಟ್ಟರೋ. ಆಪೂಸ್ ತಾನೇ ಇಷ್ಟು ಸಿಹಿ ಇರುವಾಗ ಬ್ರೂಟೇ ಸರಿ.

ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಧೂಳು ಒರೆಸಿ ಕೊಟ್ಟರು. ತಣ್ಣಗಿನದು ಇದೆಯಾ ಅಂತ ಕೇಳಿದರೆ, "ಇಲ್ರೀ ಅಕ್ಕಾರ, ಇದನ್ನ ಯಾರೂ ಕೇಳಂಗಿಲ್ಲ" ಅಂದರು. ಅಲ್ಲಿಂದಲೇ ತಪ್ಪು ಶುರುವಾಯಿತು. ಮನೆಗೆ ಬಂದಾಗ ಬಾಟಲಿ ಬೆಚ್ಚಗಿತ್ತು. ಫ್ರಿಜ್‌ನಲ್ಲಿ ಮುಕ್ಕಾಲು ತಾಸು ಇಟ್ಟು ತೆಗೆದುಬಿಟ್ಟೆ. ಇದಕ್ಕೆ ಕಮ್ಮಿ ಅಂದರೂ ಮೂರು ತಾಸು ಬೇಕು.

ಕಾರ್ಕ್ ತೆಗೆಯುವುದು ಸರಿಯಾಗೇ ಆಯಿತು, ಅದನ್ನು ನೋಡಿಕೊಳ್ಳಿ. ತಂತಿ ಬಿಚ್ಚುವಾಗಿನಿಂದ ಹೆಬ್ಬೆರಳು ಕಾರ್ಕ್ ಮೇಲೇ ಇರಬೇಕು. ಬಾಟಲಿ ಓರೆ ಹಿಡಿದು, ಕಾರ್ಕ್ ಗಟ್ಟಿ ಹಿಡಿದು, ಬಾಟಲಿಯನ್ನು ತಿರುಗಿಸಬೇಕು. ಶಾಂಪೇನ್ ಥರ ಬಾಟಲಿಯಲ್ಲೇ ಗ್ಯಾಸ್ ಹುಟ್ಟಿಸಿದ ವೈನ್ ಆದರೆ ಒಳಗೆ ಕಾರಿನ ಟಯರ್‌ಗಿಂತ ಎರಡು ಪಟ್ಟು ಜಾಸ್ತಿ ಒತ್ತಡ ಇರುತ್ತದೆ. ಯಾರ ಮುಖದ ಕಡೆಗೂ ಹಿಡಿಯಬೇಡಿ.

ಈಗ ಮಿಕ್ಸಿ. ಈ ಭಾಗವನ್ನು ಕಟ್ ಮಾಡೋಣ ಅಂತ ಇವರು ಅಂದರು. ನಾನು ಬೇಡ ಅಂದೆ, ಏಕೆಂದರೆ ನೀವೂ ಇದನ್ನೇ ಮಾಡಬಹುದು. ಒಂದು ವಿಡಿಯೋದಲ್ಲಿ ಹಣ್ಣು, ವೈನ್ ಎಲ್ಲಾ ಒಟ್ಟಿಗೆ ಹಾಕಿ ತಿರುಗಿಸಿ ಅಂತ ಹೇಳಿದ್ದರು. ನಂಬಿದೆ. ದೊಡ್ಡ ಜಾರಿಗೆ ಹೋಳು ಹಾಕಿ, ಎರಡು ಗ್ಲಾಸ್ ವೈನ್ ಸುರಿದು, ಮುಚ್ಚಳ ಒತ್ತಿ, ಗುಂಡಿ ತಿರುಗಿಸಿದೆ. ಎರಡೇ ಸೆಕೆಂಡ್. ಮುಚ್ಚಳ ನನ್ನ ಅಂಗೈಯನ್ನೇ ನೂಕಿ ಎದ್ದಿತು. ಹಳದಿ ನೊರೆ ಗೋಡೆಗೆ, ಕ್ಯಾಲೆಂಡರಿಗೆ, ಸ್ವಿಚ್ ಬೋರ್ಡಿಗೆ. ಇವರು ಕ್ಯಾಮೆರಾ ಅಲ್ಲೇ ಇಟ್ಟು ಓಡಿ ಮೇನ್ ಸ್ವಿಚ್ ಆಫ್ ಮಾಡಿದರು. ಅದಕ್ಕೇ ಇಲ್ಲಿ ಬರೀ ಸೀಲಿಂಗ್ ಕಾಣುತ್ತಿದೆ. ಆ ಧ್ವನಿ ಅತ್ತೆಯವರದು. ದೇವರ ಕೋಣೆಯಿಂದ ಎದ್ದು ಬಂದರು. "ಕೈಗೆ ಏನರ ಪೆಟ್ಟಾತೇನವಾ?" ಅಂತ ಕೇಳಿದರು. ಗೋಡೆ ಬಗ್ಗೆ ಒಂದು ಮಾತಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಯಾಕೆ ಹೀಗಾಯಿತು ಅಂದರೆ, ವೈನಿನಲ್ಲಿ ಗ್ಯಾಸ್ ಕರಗಿ ಕೂತಿರುತ್ತದೆ. ಬೆಚ್ಚಗಿದ್ದಷ್ಟೂ ಹೊರಗೆ ಬರಲು ತಯಾರು. ಹೆಪ್ಪುಗಟ್ಟಿದ ಹಣ್ಣಿನ ಮೈ ಒರಟು, ಗುಳ್ಳೆ ಹುಟ್ಟಲು ಅದೇ ಜಾಗ. ಅದರ ಮೇಲೆ ಬ್ಲೇಡಿನ ತಿರುಗಾಟ. ಮುಚ್ಚಿದ ಜಾರಿನಲ್ಲಿ ಅಷ್ಟೂ ಗ್ಯಾಸ್ ಒಂದೇ ಸಲ ಬಿಡುಗಡೆ. ಸೋಡಾ ಆದರೂ ಹೀಗೇ ಆಗುತ್ತದೆ. ಗ್ಯಾಸ್ ಇರುವ ಯಾವುದನ್ನೂ ಮಿಕ್ಸಿಗೆ ಹಾಕಬೇಡಿ, ಯಾರು ಹೇಳಿದರೂ ಹಾಕಬೇಡಿ.

ಒರೆಸಲು ಅರ್ಧ ತಾಸು ಹಿಡಿಯಿತು. ಒರೆಸುತ್ತಾ ಲೆಕ್ಕ ಹಾಕಿದೆ. ಹೋದದ್ದು 250 ಎಂಎಲ್. ಅಂದರೆ 380 ರೂಪಾಯಿ. ಇನ್ನೊಂದು ಡಜನ್ ಆಪೂಸ್ ಬರುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಇವರು "ಹೋಗಲಿ ಬಿಡು" ಅಂದರು. ಹಾಗೆ ಬಿಡಲು ನನಗೆ ಆಗುವುದಿಲ್ಲ. ಎರಡು ದಿನ ಅಂಗಡಿ ಅಂಗಡಿ ತಿರುಗಿ ಹುಡುಕಿ ತಂದ ಬಾಟಲಿ ಅದು.

ಉಳಿದ ವೈನ್ ಈ ಬಕೆಟ್‌ನಲ್ಲಿ. ಐಸ್, ನೀರು, ಎರಡು ಹಿಡಿ ಕಲ್ಲುಪ್ಪು. ಕುಲ್ಫಿ ಮಾಡುವವರು ಉಪ್ಪು ಹಾಕುವುದು ಇದಕ್ಕೇ, ಬರೀ ಐಸ್‌ಗಿಂತ ಜಾಸ್ತಿ ತಣ್ಣಗಾಗುತ್ತದೆ. ಇಪ್ಪತ್ತು ನಿಮಿಷ ಸಾಕು. ಐಸ್ ಇಲ್ಲಿ ಬೇಕು, ಗ್ಲಾಸಿನಲ್ಲಿ ಬೇಡ. ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಬಾಟಲಿ ಒಡೆಯಬಹುದು. ಬಾಟಲಿ ಬಾಯಿಗೆ ಚಮಚ ಇಟ್ಟರೆ ಗ್ಯಾಸ್ ಉಳಿಯುತ್ತದೆ ಅನ್ನುವ ಮಾತೂ ಸುಳ್ಳು. ಉಳಿಸುವುದು ತಂಪು.

ಎರಡನೇ ಸಲ ಬರೀ ಹಣ್ಣು ತಿರುಗಿಸಿದೆ. ತಣ್ಣೀರು ಮೂರು ಚಮಚ, ಅಷ್ಟೇ. ಸಕ್ಕರೆ ಇಲ್ಲ, ನಿಂಬೆ ಇಲ್ಲ. ಒಳ್ಳೆ ಆಪೂಸಿಗೆ ನಿಂಬೆ ಹಿಂಡುವುದು ಅಂದರೆ ಹಣ್ಣಿನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ.

ಗ್ಲಾಸು ಯಾವುದಾದರೂ ನಡೆಯುತ್ತದೆ. ನಾನು ಸ್ಟೀಲಿನದು ತೆಗೆದುಕೊಂಡೆ, ಕೈಗೆ ತಣ್ಣಗೆ ಅನಿಸುತ್ತದೆ. ಹಣ್ಣು ಒಂದು ಪಾಲು, ವೈನ್ ಎರಡು ಪಾಲು. ಗ್ಲಾಸು ಓರೆ ಮಾಡಿ ಸ್ವಲ್ಪ ಸುರಿಯಿರಿ. ನೊರೆ ಏರುತ್ತದೆ, ಇಳಿಯಲು ಬಿಡಿ. ಮತ್ತೆ ಸ್ವಲ್ಪ. ಅವಸರ ಬೇಡ.

ನೊರೆ ಇಳಿಯುವವರೆಗೆ ಒಂದು ವಿಷಯ. ಹಣ್ಣಿನ ತಿರುಳಿಗೆ ಇಂಥ ವೈನ್ ಸೇರಿಸುವುದು ನನ್ನ ತಲೆಯಿಂದ ಬಂದದ್ದಲ್ಲ. ಇಟಲಿಯ ವೆನಿಸ್‌ನಲ್ಲಿ ಹ್ಯಾರಿಸ್ ಬಾರ್ ಅಂತ ಇದೆ, 1931ರಲ್ಲಿ ಶುರುವಾದದ್ದು. ಅದರ ಮಾಲೀಕ ಜುಸೆಪ್ಪೆ ಚಿಪ್ರಿಯಾನಿ ಬಿಳಿ ಪೀಚ್ ಹಣ್ಣಿನ ತಿರುಳಿಗೆ ಪ್ರೊಸೆಕೊ ಅನ್ನುವ ಅಲ್ಲಿಯ ಸ್ಪಾರ್ಕ್ಲಿಂಗ್ ವೈನ್ ಸೇರಿಸಿ, ಬೆಲ್ಲಿನಿ ಅಂತ ಒಬ್ಬ ಹಳೆಯ ಚಿತ್ರಕಾರನ ಹೆಸರಿಟ್ಟರು. ಆ ಬಣ್ಣ ನೋಡಿ ಅವನ ಚಿತ್ರ ನೆನಪಾಯಿತಂತೆ. ಅದೇ ವೆನಿಸ್ ಕಡೆ ಹೆಪ್ಪುಗಟ್ಟಿಸಿದ ನಿಂಬೆ ಶರಬತ್ತಿಗೆ ಪ್ರೊಸೆಕೊ ಹಾಕಿ ಸ್ಗ್ರೊಪ್ಪಿನೊ ಅಂತ ಮಾಡುತ್ತಾರೆ, ಊಟ ಆದ ಮೇಲೆ ಕುಡಿಯುತ್ತಾರೆ. ನಮ್ಮ ಮಾರ್ಕೆಟ್‌ನಲ್ಲಿ ಒಳ್ಳೆ ಪೀಚ್ ಎಲ್ಲಿದೆ? ಆಪೂಸ್ ಇದ್ದಾಗ ಬೇಕಾಗಿಯೂ ಇಲ್ಲ. ನೊರೆ ಇಳಿಯಿತು, ನೋಡಿ.

ಮೊದಲ ಗುಟುಕು. ತಂಪು ಚೆನ್ನಾಗಿದೆ, ವಾಸನೆ ಚೆನ್ನಾಗಿದೆ. ಆದರೆ ಏನೋ ಭಾರ. ಸೀಕರಣಿ ಕುಡಿದ ಹಾಗೆ ಮಂದ. ಅರ್ಧ ನಿಂಬೆ ಹಿಂಡಿದೆ. ಆಗ ಎದ್ದು ನಿಂತಿತು! ನಿಂಬೆ ಬೇಡ ಅಂದ ಮಾತು ವಾಪಸ್ ತೆಗೆದುಕೊಂಡೆ. ಸ್ಟೀಲ್ ಗ್ಲಾಸಿನ ಮಾತೂ ವಾಪಸ್. ಹಳದಿಯೊಳಗಿಂದ ಗುಳ್ಳೆ ಏರುವುದು ಕಾಣಬೇಕು, ಅದಕ್ಕೆ ಉದ್ದನೆಯ ಗಾಜಿನ ಗ್ಲಾಸೇ ಬೇಕು.

ಅತ್ತೆಯವರಿಗೆ ವೈನ್ ಇಲ್ಲ. ಅದೇ ಹಣ್ಣಿಗೆ ತಣ್ಣನೆಯ ಸೋಡಾ, ನಿಂಬೆ, ಚಿಟಿಕೆ ಉಪ್ಪು. ಕುಡಿದು "ಏಲಕ್ಕಿ ಹಾಕಬೇಕಿತ್ತು" ಅಂದರು. ಹಾಕಿ ನೋಡಿದೆ. ಸೋಡಾಕ್ಕೆ ಹೊಂದುತ್ತದೆ, ವೈನಿಗೆ ಬೇಡ.

ಕೊನೆಯ ಎರಡು ಗ್ಲಾಸಿಗೆ ನೇರಳೆ. ಬೀಜ ತೆಗೆದು ಹೆಪ್ಪುಗಟ್ಟಿಸಿದ್ದೆ, ಸುಮ್ನೆ ನೋಡೋಣ ಅಂತ. ಬಣ್ಣ ನೋಡಿ! ಒಗರು, ಹುಳಿ, ಆಮೇಲೆ ನಿಧಾನಕ್ಕೆ ಸಿಹಿ. ವೈನ್ ಜೊತೆ ಎಷ್ಟು ಹೊಂದುತ್ತದೆ ಅಂದರೆ, ಇಷ್ಟು ಹೊತ್ತು ಆಪೂಸ್ ಆಪೂಸ್ ಅಂದವಳು ಈಗ ಹೇಳುತ್ತೇನೆ: ವೈನಿಗೆ ನೇರಳೆಯೇ ಮೇಲು. ಆಪೂಸ್ ಕೈಯಲ್ಲಿ ಹಿಡಿದು ತಿನ್ನಲಿಕ್ಕೆ. ಇವರು ಒಪ್ಪುವುದಿಲ್ಲ, ಅವರ ಗ್ಲಾಸು ಇನ್ನೂ ಹಳದಿಯದೇ.

ಕಪ್ಪಾಯಿತು, ಅಲ್ವಾ? ನಿಮ್ಮ ಫೋನ್ ಕೆಟ್ಟಿಲ್ಲ, ನಮ್ಮ ಕರೆಂಟ್ ಹೋಯಿತು. ಫ್ರೀಜರ್‌ನಲ್ಲಿ ಇನ್ನೊಂದು ತಟ್ಟೆ ಮಾವಿನ ಹೋಳು ಇದ್ದವು. ಕರಗುವ ಮೊದಲೇ ಮೂವರೂ ಕಟ್ಟೆ ಹತ್ತಿರ ನಿಂತು ಕತ್ತಲಲ್ಲಿ ತಿಂದು ಮುಗಿಸಿದೆವು.