ಹಿಂದಿನ ಸೀಟಿನ ಸ್ಟಿಕ್

ಕೇಳುಗರೆಲ್ಲರಿಗೂ ನಮಸ್ಕಾರ.

ಇಬ್ಬರೇ ಕೂರುವ ಪುಟ್ಟ ವಿಮಾನಗಳಲ್ಲಿ ಎರಡು ಬಗೆ. ಕೆಲವು ವಿಮಾನಗಳಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಇನ್ನು ಕೆಲವು ವಿಮಾನಗಳಲ್ಲಿ ಒಬ್ಬರ ಬೆನ್ನ ಹಿಂದೆ ಮತ್ತೊಬ್ಬರು. ಈ ಎರಡನೆಯ ಬಗೆಯ ವಿಮಾನಗಳ ರಿಪೇರಿ ಮತ್ತು ತಪಾಸಣೆಯಲ್ಲೇ ನನ್ನ ಕೆಲಸದ ಹೆಚ್ಚಿನ ಕಾಲ ಕಳೆದಿದೆ. ಮಾಲೀಕರು ಹ್ಯಾಂಗರಿಗೆ ಬಂದು ಪದೇ ಪದೇ ಕೇಳುವ ಕೆಲಸ ಒಂದಿದೆ: ಹಿಂದಿನ ಸೀಟಿನ ನಿಯಂತ್ರಣಗಳನ್ನು ಸ್ವಲ್ಪ ಬದಲಾಯಿಸಿ ಕೊಡಿ. ಒಬ್ಬರು ಮಗಳಿಗೆ ಹಾರಾಟ ಕಲಿಸಬೇಕು, ಆದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್ ಹಿಂದೆ ಇಲ್ಲ. ಇನ್ನೊಬ್ಬರು ಸ್ನೇಹಿತರನ್ನು ಸುತ್ತಾಡಿಸಬೇಕು, ಹಿಂದಿನ ಸ್ಟಿಕ್, ಅಂದರೆ ವಿಮಾನವನ್ನು ನಿಯಂತ್ರಿಸುವ ಹಿಡಿಕೋಲು, ಅವರ ಮೊಣಕಾಲಿಗೆ ತಾಗುತ್ತದೆ. ಮತ್ತೊಬ್ಬರು ಸ್ಟಿಕ್ ಉದ್ದವಾಯಿತು, ನಾಲ್ಕು ಬೆರಳು ಕತ್ತರಿಸಿದರೆ ಆಯಿತಲ್ಲ ಎನ್ನುತ್ತಾರೆ. ನಾನು ಮರುಮಾತಾಡದೆ ನೆಲದ ತಗಡು ಬಿಚ್ಚಿ ಒಳಗಿರುವುದನ್ನು ತೋರಿಸುತ್ತೇನೆ.

ಅನೇಕ ವಿಮಾನಗಳಲ್ಲಿ ಮುಂದಿನ ಸ್ಟಿಕ್ಕಿನ ಬುಡ, ಹಿಂದಿನ ಸ್ಟಿಕ್ಕಿನ ಬುಡ ಎರಡೂ ಒಂದೇ ಉದ್ದನೆಯ ಕೊಳವೆಯ ಮೇಲೆ ಕುಳಿತಿರುತ್ತವೆ. ಸ್ಟಿಕ್ಕನ್ನು ಎಡಕ್ಕೋ ಬಲಕ್ಕೋ ವಾಲಿಸಿದರೆ ಆ ಕೊಳವೆ ತಿರುಗಿ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಫಲಕಗಳಾದ ಏಲೆರಾನ್‌ಗಳನ್ನು ಆಡಿಸುತ್ತದೆ. ಹಿಂದಕ್ಕೆಳೆದರೆ, ಮುಂದಕ್ಕೆ ತಳ್ಳಿದರೆ, ಎರಡೂ ಸ್ಟಿಕ್ಕುಗಳನ್ನು ಜೋಡಿಸುವ ಸರಳು ಚಲಿಸಿ ಬಾಲದ ಎಲಿವೇಟರನ್ನು, ಅಂದರೆ ಮೂತಿಯನ್ನು ಏರಿಳಿಸುವ ಫಲಕವನ್ನು, ಏಳಿಸುತ್ತದೆ, ಇಳಿಸುತ್ತದೆ. ನಡುವೆ ಕ್ಲಚ್ ಇಲ್ಲ, ಬೇರ್ಪಡಿಸುವ ಗುಂಡಿ ಇಲ್ಲ. ಹಿಂದೆ ಕುಳಿತವರ ಮೊಣಕಾಲು ತಾಗಿದರೂ ಮುಂದಿನವರ ಅಂಗೈಗೆ ತಿಳಿಯುತ್ತದೆ. ಆದ್ದರಿಂದ ಹಿಂದಿನ ಸೀಟಿನಲ್ಲಿ ಏನೇ ಬದಲಾಯಿಸಲಿ, ಹಿಂದಿನವರಿಗೆ ಅನುಕೂಲವಾಯಿತೇ ಎಂಬುದು ನನ್ನ ಮೊದಲ ಪ್ರಶ್ನೆಯಲ್ಲ. ವಿಮಾನದ ಹೊಣೆ ಹೊತ್ತವರ ಕೈಗೆ ಸ್ಟಿಕ್ಕಿನ ಪೂರ್ತಿ ಚಲನೆ ಉಳಿದಿದೆಯೇ, ಇನ್ನೊಂದು ಸೀಟಿನವರು ಹೆದರಿ ಹಿಡಿದುಕೊಂಡರೆ ಬಿಡಿಸಿಕೊಳ್ಳುವಷ್ಟು ಬಲ ಉಳಿದಿದೆಯೇ, ಅದನ್ನು ಮೊದಲು ನೋಡುತ್ತೇನೆ.

ಹೊಣೆ ಹೊತ್ತವರು ಯಾವ ಸೀಟಿನಲ್ಲಿರುತ್ತಾರೆ ಎಂಬುದೂ ಎಲ್ಲ ವಿಮಾನಗಳಲ್ಲಿ ಒಂದೇ ರೀತಿ ಇಲ್ಲ. ಹಿಂದಿನದು ಪ್ರಯಾಣಿಕರ ಸೀಟು ಎಂದು ಅನೇಕರು ತಿಳಿದಿದ್ದಾರೆ. ಹಳದಿ ಬಣ್ಣಕ್ಕೆ ಹೆಸರಾದ ಪೈಪರ್ ಜೆ-3 ಕಬ್ ವಿಮಾನವನ್ನು ಒಬ್ಬರೇ ಹಾರಿಸುವಾಗ ಹಿಂದಿನ ಸೀಟಿನಲ್ಲೇ ಕುಳಿತುಕೊಳ್ಳಬೇಕು. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಕೂಡ ಹಾಗೆಯೇ. ಅದರ ಮುಂದಿನ ಸೀಟು ರೆಕ್ಕೆಯ ಕೆಳಗೆ, ಗುರುತ್ವ ಕೇಂದ್ರದ ಆಸುಪಾಸಿನಲ್ಲೇ ಇದೆ. ಅಲ್ಲಿ ಜನ ಇದ್ದರೂ ಇಲ್ಲದಿದ್ದರೂ ಸಮತೋಲ ಹೆಚ್ಚು ಕದಲುವುದಿಲ್ಲ. 1946ರಲ್ಲಿ ಹಾರಿದ ಚಿಪ್‌ಮಂಕ್ ಇದಕ್ಕೆ ತಿರುವುಮುರುವು: ಒಂಟಿ ಹಾರಾಟ ಮುಂದಿನ ಸೀಟಿನಿಂದ, ತರಬೇತುದಾರರು ಹಿಂದೆ. ಹೀಗಾಗಿ ಕಬ್ ವಿಮಾನಕ್ಕೆ ಒಪ್ಪುವ ಬದಲಾವಣೆಯನ್ನು ಚಿಪ್‌ಮಂಕಿಗೆ ಕಣ್ಣುಮುಚ್ಚಿ ಮಾಡಲಾಗದು.

ಈಗ ಆ ನಾಲ್ಕು ಬೆರಳಿನ ವಿಚಾರ. ಸ್ಟಿಕ್ ಒಂದು ಸನ್ನೆಗೋಲು. ಕೀಲಿನಿಂದ ಹಿಡಿಯವರೆಗೆ 50 ಸೆಂಟಿಮೀಟರ್ ಉದ್ದವಿದ್ದದ್ದನ್ನು 40ಕ್ಕೆ ಇಳಿಸಿದಿರಿ ಎನ್ನೋಣ. ಎಲಿವೇಟರಿನ ಅದೇ ಕೆಲಸಕ್ಕೆ ಕೈ ಈಗ ಶೇಕಡ 25ರಷ್ಟು ಹೆಚ್ಚು ಬಲ ಹಾಕಬೇಕು. ಕೈ ಚಲಿಸುವ ದೂರ ಮಾತ್ರ ಶೇಕಡ 20ರಷ್ಟು ಕಡಿಮೆ. ಮುಂದಿನ ಸ್ಟಿಕ್ ಮೊದಲಿನಂತೆಯೇ ಇದೆ. ಒಂದೇ ವಿಮಾನದಲ್ಲಿ ಎರಡು ಸೀಟುಗಳಿಗೆ ಎರಡು ಬಗೆಯ ಹದ ಬಂತು. ಹಿಂದೆ ಪ್ರಯಾಣಿಕರಷ್ಟೇ ಕೂರುವುದಾದರೆ ಇದರಿಂದ ಲಾಭವೇ ಹೌದು, ಅವರ ಹಿಡಿತಕ್ಕೆ ಸನ್ನೆಯ ಬಲ ಕಡಿಮೆ. ಆದರೆ ಹಿಂದೆ ಕೂರುವವರು ತರಬೇತುದಾರರಾಗಿದ್ದರೆ? ಮುಂದಿನ ವಿದ್ಯಾರ್ಥಿ ಗಾಬರಿಯಿಂದ ಸ್ಟಿಕ್ಕನ್ನು ಎದೆಗವಚಿಕೊಂಡ ಹೊತ್ತಿನಲ್ಲಿ ಆ ಹಗ್ಗಜಗ್ಗಾಟದಲ್ಲಿ ಗಿಡ್ಡ ಸ್ಟಿಕ್ ಹಿಡಿದವರು ಗುರುಗಳು. ಇದನ್ನು ಹೇಳಿದ ಮೇಲೆ ಗರಗಸದ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಇಂಥ ಜಗ್ಗಾಟವನ್ನು ನಿಯಮ ಬರೆದವರೂ ಮುಂಗಂಡಿದ್ದರು. ಹಗುರ ವಿಮಾನಗಳ ಅಮೆರಿಕದ ವಿನ್ಯಾಸ ನಿಯಮಗಳು, ಜೋಡಿ ನಿಯಂತ್ರಣದ ವ್ಯವಸ್ಥೆಯು ಇಬ್ಬರು ಪೈಲಟ್‌ಗಳು ಒಟ್ಟಿಗೆ ಒಂದೇ ದಿಕ್ಕಿಗೆ ಎಳೆದರೂ, ಪರಸ್ಪರ ವಿರುದ್ಧ ದಿಕ್ಕಿಗೆ ಎಳೆದಾಡಿದರೂ ಮುರಿಯಬಾರದು ಎಂದು ಬಹುಕಾಲ ಸ್ಪಷ್ಟವಾಗಿ ವಿಧಿಸಿದ್ದವು. ಎಲಿವೇಟರ್ ದಿಕ್ಕಿನಲ್ಲಿ ಸ್ಟಿಕ್ಕಿಗೆ ಲೆಕ್ಕ ಹಿಡಿಯಬೇಕಾದ ಕನಿಷ್ಠ ಬಲವೇ 100 ಪೌಂಡ್, ಅಂದರೆ ಸುಮಾರು 45 ಕಿಲೋಗ್ರಾಂ ತೂಕದಷ್ಟು. ಹಿಂದಿನ ಸ್ಟಿಕ್ಕಿಗೆ ಹೊಸ ಬುಡ ಕೂರಿಸಿ ಬೆಸುಗೆ ಹಾಕುವವರು ಈ ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಾರಾಟದಲ್ಲಿ ಎರಡು ಬೆರಳು ಸಾಕಾಗುವ ಸ್ಟಿಕ್, ಭಯದ ಹೊತ್ತಿನಲ್ಲಿ ಹೊರುವ ಹೊರೆಯೇ ಬೇರೆ.

ಉದ್ದದ ಮತ್ತೊಂದು ತೊಡಕು ಚಲನೆಯದು. ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಂದಿನ ಸ್ಟಿಕ್ ಮುಂದಿನ ಸೀಟಿನ ಬೆನ್ನಿಗೆ ಬಡಿಯಬಹುದು, ಅದರಲ್ಲೂ ಉದ್ದ ಕಾಲಿನ ಪೈಲಟ್ ಸೀಟನ್ನು ಹಿಂದಕ್ಕೆ ಸರಿಸಿಕೊಂಡಿದ್ದರೆ. ಪೂರ್ತಿ ಹಿಂದಕ್ಕೆಳೆದಾಗ ಅದು ಹೋಗಿ ನಿಲ್ಲುವುದು ಹಿಂದೆ ಕುಳಿತವರ ಹೊಟ್ಟೆಗೆ, ಇಲ್ಲವೇ ಸೀಟ್ ಬೆಲ್ಟಿನ ಬಕಲ್ಲಿಗೆ. ಇದು ನಗುವ ವಿಷಯವಲ್ಲ. ನೆಲಕ್ಕಿಳಿಯುವ ಕೊನೆಯ ಕ್ಷಣಗಳಲ್ಲಿ ಮೂತಿ ಎತ್ತಲು ಸ್ಟಿಕ್ಕನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ತರಬೇಕಾಗುತ್ತದೆ. ಅಲ್ಲಿ ಎರಡು ಅಂಗುಲ ಕಡಿಮೆಯಾದರೆ ಎಲಿವೇಟರ್ ಅಷ್ಟು ಕಡಿಮೆ ಏಳುತ್ತದೆ.

ಪರೀಕ್ಷೆ ಸರಳ, ಆದರೆ ಖಾಲಿ ಸೀಟಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಚೆನ್ನಾಗಿ ಮೈಕೈ ತುಂಬಿಕೊಂಡ ಒಬ್ಬರನ್ನು ಹಿಂದೆ ಕೂರಿಸಬೇಕು. ದಪ್ಪ ಜಾಕೆಟ್ ಹಾಕಿಸಬೇಕು, ಬೆಲ್ಟುಗಳನ್ನು ಹಾರಾಟಕ್ಕೆ ಬಿಗಿಯುವಷ್ಟೇ ಬಿಗಿಯಬೇಕು. ಮುಂದೆ ಕುಳಿತವರು ಸ್ಟಿಕ್ಕನ್ನು ಮೂಲೆಯಿಂದ ಮೂಲೆಗೆ ನಿಧಾನವಾಗಿ ಸುತ್ತಿಸಬೇಕು, ಒಬ್ಬರು ಬಾಲದ ಬಳಿ ನಿಂತು ನೋಡುತ್ತಿರಬೇಕು. ಎಲಿವೇಟರ್ ತನ್ನ ತಡೆಗೆ ಬಡಿದಾಗ ಲೋಹಕ್ಕೆ ಲೋಹ ತಾಗಿದ ಗಟ್ಟಿ ಶಬ್ದ ಬರುತ್ತದೆ. ಆ ಶಬ್ದವಿಲ್ಲದೆ ಸ್ಟಿಕ್ ಮೆತ್ತಗೆ ನಿಂತಿತೆಂದರೆ ನಡುವೆ ಯಾರದೋ ತೊಡೆಯೋ ಬಕಲ್ಲೋ ಇದೆ ಎಂದು ಅರ್ಥ. ಇದೇ ಹೊತ್ತಿನಲ್ಲಿ ದಿಕ್ಕನ್ನೂ ನೋಡಿಬಿಡಬೇಕು. ಸ್ಟಿಕ್ ಹಿಡಿದು ಹೆಬ್ಬೆರಳನ್ನು ಮೇಲಕ್ಕೆ ನೆಟ್ಟಗೆ ಮಾಡಿ. ಸ್ಟಿಕ್ಕನ್ನು ಎಡಕ್ಕೆ ವಾಲಿಸಿದಾಗ ಹೆಬ್ಬೆರಳು ತೋರುವ ಕಡೆಯ ಏಲೆರಾನ್ ಮೇಲೆದ್ದಿರಬೇಕು. ಕೇಬಲ್ ಬಿಚ್ಚಿ ಮರಳಿ ಜೋಡಿಸಿದ ಮೇಲೆ ಎಡಬಲ ಅದಲುಬದಲಾಗಿ ಜೀವಗಳು ಹೋದದ್ದುಂಟು.

ಪ್ರಯಾಣಿಕರಿಗಾಗಿ ಹಿಂದಿನ ಸ್ಟಿಕ್ಕನ್ನು ತೆಗೆದುಬಿಡುವುದು ಹಲವೆಡೆ ರೂಢಿಯಲ್ಲಿದೆ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯೂ ಇದೆ. ಜನರು ಸ್ವತಃ ಕಟ್ಟಿಕೊಳ್ಳುವ ಆರ್‌ವಿ-8ರಂಥ ವಿಮಾನಗಳಲ್ಲಿ ಸ್ಟಿಕ್ಕನ್ನು ಬುಡದಿಂದ ಕಳಚುವ ಅನುಕೂಲವನ್ನು ವಿನ್ಯಾಸದಲ್ಲೇ ಇಟ್ಟಿದ್ದಾರೆ. ಆದರೆ ಕಳಚಿದ ಮೇಲೆ ನೆಲದಲ್ಲಿ ಉಳಿಯುವ ಬುಡದ ಬಾಯಿ ಇದೆಯಲ್ಲ, ಅದು ತೆರೆದಿರಬಾರದು. ಬಿದ್ದ ಪೆನ್ನು, ನಾಣ್ಯ, ಮೊಬೈಲ್ ಎಲ್ಲ ಸೇರುವುದು ಅಲ್ಲಿಗೇ. ಕಳಚಿದ ಬುಡವೂ ಮುಂದಿನ ಸ್ಟಿಕ್ಕಿನ ಜೊತೆ ಆಡುತ್ತಲೇ ಇರುತ್ತದೆ ಎಂಬುದು ಪ್ರಯಾಣಿಕರಿಗೆ ಹೊಳೆಯುವುದಿಲ್ಲ. ಅದರ ಮುಂದೆ ಕೈಚೀಲ ಇಟ್ಟರೆ ಮುಗಿಯಿತು. 2014ರ ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಪಡೆಯ ವಾಯೇಜರ್ ಎಂಬ ದೊಡ್ಡ ವಿಮಾನ ಆಕಾಶದಲ್ಲಿ ಏಕಾಏಕಿ 4,400 ಅಡಿ ಕುಸಿಯಿತು. ಕ್ಯಾಪ್ಟನ್ ಸೀಟಿನ ಕೈತೋಳಿಗೂ ಪಕ್ಕದ ನಿಯಂತ್ರಣ ಸ್ಟಿಕ್ಕಿಗೂ ನಡುವೆ ಒಂದು ಕ್ಯಾಮೆರಾ ಸಿಕ್ಕಿಕೊಂಡಿತ್ತು, ಸೀಟನ್ನು ಮುಂದಕ್ಕೆ ಸರಿಸಿದಾಗ ಅದು ಸ್ಟಿಕ್ಕನ್ನು ತಳ್ಳಿತ್ತು. ಅಷ್ಟು ದೊಡ್ಡ ವಿಮಾನದ ಪಾಡೇ ಹಾಗಾದರೆ, ಮೊಣಕಾಲುಗಳ ನಡುವೆ ಎಲ್ಲವೂ ಇರುವ ನಮ್ಮ ಪುಟ್ಟ ವಿಮಾನಗಳಲ್ಲಿ ಮುಚ್ಚಳದ ಬಗ್ಗೆ ಚರ್ಚೆಯೇ ಬೇಕಿಲ್ಲ.

ಹಿಡಿಗೆ ಗುಂಡಿಗಳನ್ನು ಕೂರಿಸುವುದು ಇತ್ತೀಚಿನ ಗೀಳು. ರೇಡಿಯೋ ಗುಂಡಿ, ಸ್ಟಿಕ್ಕನ್ನು ಸದಾ ಒತ್ತಿ ಹಿಡಿಯುವ ಶ್ರಮ ತಪ್ಪಿಸುವ ಟ್ರಿಮ್ ಗುಂಡಿ, ಇನ್ನೂ ಏನೇನೋ. ಭಾರದ ಹಿಡಿಯಿಂದ ಎಲಿವೇಟರಿನ ಹದ ಕೊಂಚ ಬದಲಾಗುತ್ತದೆ, ತಿರುವಿನಲ್ಲಿ ಮೈಭಾರ ಹೆಚ್ಚಾದಾಗ ಅದು ಕೈಗೆ ತಿಳಿಯುತ್ತದೆ. ಸ್ಟಿಕ್ಕಿನೊಳಗಿಂದ ಇಳಿಯುವ ತಂತಿಗೆ ಸಡಿಲ ಬೇಕು, ಆದರೆ ಆ ಸಡಿಲ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ವಿದ್ಯುತ್ ಟ್ರಿಮ್ ಗುಂಡಿ ಎರಡೂ ಕಡೆ ಇದ್ದರೆ ಪೈಲಟ್ ಒತ್ತಿದ್ದೇ ನಡೆಯುವಂತೆ ತಂತಿ ಜೋಡಿಸಬೇಕು. ರೇಡಿಯೋ ಗುಂಡಿಯ ತೊಂದರೆ ಪ್ರಾಣಕ್ಕೆ ಬರದಿದ್ದರೂ ಮಾನಕ್ಕೆ ಬರುತ್ತದೆ: ಸ್ಟಿಕ್ ಹಿಡಿದು ಸಂತೋಷದಿಂದ ಹಾಡಿಕೊಳ್ಳುವ ಪ್ರಯಾಣಿಕರ ಸಂಗೀತವನ್ನು ಆ ತರಂಗಾಂತರದಲ್ಲಿರುವ ಎಲ್ಲರೂ ಕೇಳಬೇಕಾಗುತ್ತದೆ, ಅಷ್ಟು ಹೊತ್ತು ಬೇರೆ ಯಾರೂ ಮಾತನಾಡುವಂತಿಲ್ಲ.

ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ಹಿಡಿಗೂ ಹಿಂದಿನ ಹಿಡಿಗೂ ಎಡಗೋಡೆಯ ಉದ್ದಕ್ಕೆ ಸರಳು ಹಾಕಿದರೆ ಸಾಮಾನ್ಯವಾಗಿ ಸಾಕು. ಹಿಂದಿನವರ ತೋಳು, ಮೊಣಕಾಲು ಅದಕ್ಕೆ ತಾಗದಂತೆ ನೋಡಿಕೊಂಡರೆ ಆಯಿತು.

ಬ್ರೇಕ್ ಹಾಗಲ್ಲ. ಹಿಂದಿನ ಪೆಡಲಿಗೂ ಬ್ರೇಕ್ ಬೇಕೆಂದರೆ ಎಣ್ಣೆಯ ದಾರಿ ಬದಲಾಗುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಎಣ್ಣೆ ತನ್ನ ಡಬ್ಬಿಯಿಂದ ಒಂದು ಪೆಡಲಿನ ಸಿಲಿಂಡರಿಗೆ, ಅಲ್ಲಿಂದ ಇನ್ನೊಂದು ಪೆಡಲಿನ ಸಿಲಿಂಡರಿಗೆ, ಅಲ್ಲಿಂದ ಚಕ್ರಕ್ಕೆ ಹೋಗುತ್ತದೆ. ಮೊದಲ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಒತ್ತಡಕ್ಕೆ ಮರಳುವ ದಾರಿಯೇ ಮುಚ್ಚುತ್ತದೆ. ಯಾರೂ ತುಳಿಯದಿದ್ದರೂ ಬ್ರೇಕ್ ಉಜ್ಜುತ್ತಿರುತ್ತದೆ, ಬಿಸಿಯಾಗುತ್ತದೆ. ಬಾಲದಲ್ಲಿ ಚಕ್ರವಿರುವ ವಿಮಾನವಾದರೆ ಅಪಾಯ ಇನ್ನೂ ಹೆಚ್ಚು. ಇಳಿಯುವಾಗ ಹೆದರಿದ ಪ್ರಯಾಣಿಕರು ಕಾಲು ಚಾಚಿ ಪೆಡಲನ್ನು ಒತ್ತಿಬಿಟ್ಟರೆ ಮೂತಿ ನೆಲಕ್ಕೆ ಕುಕ್ಕುತ್ತದೆ. ಹಿಂದೆ ನಿಜವಾಗಿ ಪಾಠ ನಡೆಯುವುದಿಲ್ಲ ಎಂದಾದರೆ ಅಲ್ಲಿ ಬ್ರೇಕ್ ಬೇಡವೇ ಬೇಡ ಎನ್ನುವವನು ನಾನು. ಮಾಲೀಕರು ಎಷ್ಟು ಒತ್ತಾಯಿಸಿದರೂ ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಹಿಂದೆ ಮುಂದೆ ಕುಳಿತವರ ನಡುವೆ ಮಾತಿನ ದಾರಿಯೂ ನಿಯಂತ್ರಣದಷ್ಟೇ ಮುಖ್ಯ. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಹಾರಾಟ ಕಲಿಸುವ ಕ್ರಮವನ್ನೇ ಹೊಸದಾಗಿ ಕಟ್ಟಿದಾಗ, ಗುರುವಿನ ಮಾತು ಶಿಷ್ಯನ ಕಿವಿಗೆ ತಲುಪಲು ಒಂದು ರಬ್ಬರ್ ಕೊಳವೆ ಬಳಕೆಗೆ ಬಂತು. ಅದಕ್ಕೆ ಊರಿನ ಹೆಸರೇ ನಿಂತಿತು. ಈಗ ಹೆಡ್‌ಸೆಟ್ ಇದೆ. ಹಿಂದೆ ನಿಯಂತ್ರಣ ಸೇರಿಸಿ, ಮಾತಿನ ವ್ಯವಸ್ಥೆಯನ್ನು ಕೈಬಿಟ್ಟ ವಿಮಾನವನ್ನು ನಾನು ಅರ್ಧ ಕೆಲಸ ಎಂದೇ ಲೆಕ್ಕ ಹಾಕುತ್ತೇನೆ. ಮುಖ ಕಾಣದವರ ನಡುವೆ ನಿಯಂತ್ರಣ ಯಾರ ಕೈಯಲ್ಲಿದೆ ಎಂದು ಒಬ್ಬರು ಹೇಳಿ, ಇನ್ನೊಬ್ಬರು ಅದನ್ನೇ ಮರಳಿ ಹೇಳದೆ ಬೇರೆ ಉಪಾಯವಿಲ್ಲ.

ಇನ್ನು ಕಾಗದಪತ್ರ. ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣಪತ್ರ ಪಡೆದ ವಿಮಾನದ ನಿಯಂತ್ರಣಗಳನ್ನು ಮಾಲೀಕರು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ತಯಾರಕರ ನಕ್ಷೆಯೋ ವಿಮಾನಯಾನ ಪ್ರಾಧಿಕಾರದ ಅನುಮೋದನೆಯೋ ಬೇಕು. ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ಸ್ವಾತಂತ್ರ್ಯ ಹೆಚ್ಚು, ಆದರೆ ಭೌತಶಾಸ್ತ್ರದಲ್ಲಿ ರಿಯಾಯಿತಿ ಇಲ್ಲ. ಹಾರಾಟದಲ್ಲಿ ತಿರುಗುವ ಕೀಲಿನ ಬೋಲ್ಟಿಗೆ ತಾನಾಗಿ ಬಿಗಿಯುವ ನಟ್ ಒಂದನ್ನೇ ನಂಬಬಾರದು ಎಂಬ ನಿಯಮ ಅಲ್ಲಿಗೂ ಸಲ್ಲುತ್ತದೆ. ಕಂಡಿ ಕೊರೆದ ನಟ್ ಹಾಕಿ, ಅದರೊಳಗೆ ಸ್ಪ್ಲಿಟ್ ಪಿನ್ ತೂರಿಸಿ, ತುದಿಗಳನ್ನು ಮಡಚಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವವರನ್ನು ಹ್ಯಾಂಗರಿನಿಂದ ಹೊರಗೆ ಕಳುಹಿಸುತ್ತೇನೆ. ಕೆಲಸ ಮಾಡದ ಇನ್ನೊಬ್ಬ ಅರ್ಹ ವ್ಯಕ್ತಿ ಬಂದು ಪ್ರತಿ ಕೀಲನ್ನೂ ಮುಟ್ಟಿ ನೋಡಿ ಬೇರೆಯಾಗಿ ಸಹಿ ಹಾಕಬೇಕು. ಕೆಲಸ ಮಾಡಿದವರ ಕಣ್ಣು ತಾನು ಮಾಡಿರಬೇಕಾದದ್ದನ್ನೇ ಕಾಣುತ್ತದೆ.

ನಂತರ ತೂಕ. ಪೆಡಲ್, ಸಿಲಿಂಡರ್, ಕೊಳವೆ ಎಲ್ಲ ಸೇರಿ ಬರುವುದು ಕೆಲವೇ ಕಿಲೋಗ್ರಾಂ, ಆದರೂ ಅವು ಎಲ್ಲಿ ಕುಳಿತಿವೆ ಎಂಬುದನ್ನು ಸೇರಿಸಿ ಗುರುತ್ವ ಕೇಂದ್ರವನ್ನು ಹೊಸದಾಗಿ ಲೆಕ್ಕ ಹಾಕಿ ಬರೆಯಬೇಕು. ಮೊದಲ ಹಾರಾಟಕ್ಕೆ ಪೈಲಟ್ ಒಬ್ಬರೇ ಹೋಗುತ್ತಾರೆ. ಎರಡನೆಯದಕ್ಕೆ ಇನ್ನೊಂದು ಸೀಟಿನಲ್ಲಿ ಜನರ ಬದಲು ಮರಳು ಚೀಲಗಳನ್ನು ಸರಿಯಾಗಿ ಬಿಗಿದು ಕಟ್ಟುತ್ತೇವೆ, ಅವು ಸ್ಟಿಕ್ಕಿನ ಹಾದಿಗೆ ಜಾರದಂತೆ ನೋಡಿಕೊಂಡು. ಅದು ಸುಗಮವಾಗಿ ಇಳಿದರೆ ಮಾತ್ರ ಮಗಳು ಬಂದು ಕುಳಿತುಕೊಳ್ಳಬಹುದು, ಪೆಡಲಿಗೆ ಕಾಲು ಎಟುಕುತ್ತದೆಯೋ ಇಲ್ಲವೋ ಎಂದು ಮೊದಲೇ ಅಳೆದಿದ್ದರೆ.

ನಮಸ್ಕಾರ.