ಮಾತಿಲ್ಲದ ಪುಸ್ತಕಕ್ಕೆ 26 ನಿಮಿಷ

ಗೆಳೆಯರೇ,

ಚಿತ್ರಪುಸ್ತಕವನ್ನು ಅನಿಮೇಷನ್ ಮಾಡಲು ಹೊರಟವರು ಸಾಮಾನ್ಯವಾಗಿ ಪಾತ್ರಗಳನ್ನು ಕದಲಿಸುವುದು ಹೇಗೆ ಎಂಬಲ್ಲಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದಕ್ಕೂ ಮುಂಚೆ ಇತ್ಯರ್ಥವಾಗಬೇಕಾದ್ದು ಸಮಯದ ಲೆಕ್ಕ. ಪುಸ್ತಕದ ಪುಟ ತಿರುವುವ ಕೈ ಮಗುವಿನದು. ಇಷ್ಟವಾದ ಚಿತ್ರದ ಮುಂದೆ ಎಷ್ಟು ಹೊತ್ತಾದರೂ ಕೂರುತ್ತದೆ, ಬೇಡವೆನಿಸಿದ್ದನ್ನು ಹಾರಿಸುತ್ತದೆ. ಸಿನಿಮಾದಲ್ಲಿ ಆ ಸ್ವಾತಂತ್ರ್ಯವನ್ನು ನಾವು ಮಗುವಿನಿಂದ ಕಿತ್ತುಕೊಂಡಿರುತ್ತೇವೆ. ಬದಲಿಗೆ ಏನು ಕೊಡುತ್ತೇವೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ಇಂಗ್ಲೆಂಡಿನ ರೇಮಂಡ್ ಬ್ರಿಗ್ಸ್ 1978ರಲ್ಲಿ ತಂದ ‘ದಿ ಸ್ನೋಮ್ಯಾನ್’ 32 ಪುಟಗಳ ಪುಸ್ತಕ. ಕಥೆಯೊಳಗೆ ಒಂದಕ್ಷರವೂ ಇಲ್ಲ. ಹುಡುಗನೊಬ್ಬ ಹಿಮದ ಬೊಂಬೆ ಮಾಡುತ್ತಾನೆ, ರಾತ್ರಿ ಅದು ಜೀವ ತಳೆದು ಮನೆಯೊಳಗೆ ಬರುತ್ತದೆ, ಅವನನ್ನು ಆಕಾಶಕ್ಕೆ ಹಾರಿಸಿಕೊಂಡು ಹೋಗುತ್ತದೆ, ಬೆಳಗಾದಾಗ ಕರಗಿಹೋಗಿರುತ್ತದೆ. ಡಯಾನ್ ಜಾಕ್ಸನ್ ನಿರ್ದೇಶನ, ಜಾನ್ ಕೋಟ್ಸ್ ನಿರ್ಮಾಣದಲ್ಲಿ ಇದು 26 ನಿಮಿಷದ ಚಿತ್ರವಾಗಿ, 1982ರ ಡಿಸೆಂಬರ್ 26ರಂದು ಚಾನೆಲ್ 4ರಲ್ಲಿ ಪ್ರಸಾರವಾಯಿತು. ಆ ವಾಹಿನಿ ಶುರುವಾಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಬ್ರಿಗ್ಸ್ ಪುಟದಲ್ಲಿ ಸಣ್ಣ ಸಣ್ಣ ಚೌಕಗಳನ್ನು ಸಾಲಾಗಿ ಜೋಡಿಸುತ್ತಾರೆ. ಹಾರಾಟ ಬಂದಾಗ ಚಿತ್ರ ದೊಡ್ಡದಾಗಿ ಹರಡಿಕೊಳ್ಳುತ್ತದೆ. ಸಣ್ಣ ಚೌಕದಲ್ಲಿ ಕಣ್ಣು ಬೇಗ ಸಾಗುತ್ತದೆ, ದೊಡ್ಡದರಲ್ಲಿ ತಂಗುತ್ತದೆ. ಹಾಗಾಗಿ ಮೊದಲ ಕೆಲಸ ಇದು: ಪುಸ್ತಕದ ನೆರಳಚ್ಚು ತೆಗೆದು ಚೌಕಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಪ್ರತಿಯೊಂದರ ಕೆಳಗೂ ಸೆಕೆಂಡು ಬರೆಯಿರಿ. ಆಮೇಲೆ ಎರಡು ಚೌಕಗಳ ನಡುವಿನ ಖಾಲಿ ಜಾಗ ನೋಡಿ. ಓದುವ ಮಗು ಅದನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತದೆ. ನಾವು ಚಿತ್ರ ಬರೆದೇ ತುಂಬಬೇಕು.

ಇಲ್ಲೇ ಸಾಮಾನ್ಯವಾಗಿ ಎಡವುವುದು. ಪುಸ್ತಕದ ಚಿತ್ರಗಳನ್ನೇ ಮುಖ್ಯ ಭಂಗಿಗಳಾಗಿ ಇಟ್ಟುಕೊಂಡು ನಡುವಿನದನ್ನು ತುಂಬಿದರೆ ಚಲನೆ ಮರಗಟ್ಟುತ್ತದೆ. ಚಿತ್ರಕಾರ ಆರಿಸಿಕೊಳ್ಳುವುದು ನಿಂತಲ್ಲೇ ಅರ್ಥವಾಗುವ ಭಂಗಿಯನ್ನು, ಅದು ಬಹುಪಾಲು ಕ್ರಿಯೆಯ ನಟ್ಟನಡುವಿನದು. ಹುಡುಗ ಹಿಮದ ಉಂಡೆ ಎತ್ತಿದ ಚಿತ್ರ ಪುಸ್ತಕಕ್ಕೆ ಸಾಕು. ಚಲನೆಗೆ ಅವನು ಮೊಣಕಾಲು ಮಡಿಸಿದ್ದು, ಭಾರಕ್ಕೆ ಬೆನ್ನು ಬಾಗಿದ್ದು, ಇಳಿಸಿದ ಮೇಲೆ ತೋಳು ಸಡಿಲಾದದ್ದು ಬೇಕು.

ಶ್ರಮದ ಲೆಕ್ಕವನ್ನೂ ಹಾಕಿಬಿಡಿ. ಪರದೆಯ ಮೇಲೆ ಬಂದುಹೋಗುವ ಒಂದೊಂದು ಸ್ಥಿರಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 24 ಫ್ರೇಮಿನಂತೆ 26 ನಿಮಿಷಕ್ಕೆ 37,440 ಫ್ರೇಮ್. ಬರೆದ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ 18,720 ಚಿತ್ರ. ಹುಡುಗನೂ ಬೊಂಬೆಯೂ ಬೇರೆ ಬೇರೆ ಪದರದಲ್ಲಿ ಏಕಕಾಲಕ್ಕೆ ಕದಲಿದರೆ ಆ ಶಾಟುಗಳಲ್ಲಿ ಅದರ ಎರಡರಷ್ಟು.

ಇನ್ನು ಬಣ್ಣದ ಪೆನ್ಸಿಲಿನ ಪ್ರಶ್ನೆ. ಬ್ರಿಗ್ಸ್ ಅವರ ಆ ಮಸುಕು, ತರಿತರಿ ಮೈವಳಿಕೆ ಹೋದರೆ ಪುಸ್ತಕವೇ ಹೋದಂತೆ. ಆಗಿನ ರೂಢಿಯಂತೆ ಸೆಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಚಪ್ಪಟೆ ಬಣ್ಣ ತುಂಬಿದ್ದರೆ ಅದು ಖಂಡಿತ ಹೋಗುತ್ತಿತ್ತು. ಅದರ ಬದಲು ಈ ತಂಡ ಸೆಲ್ ಮೇಲೆ ಕ್ರೇಯಾನು, ಪೇಸ್ಟಲ್‌ಗಳಿಂದಲೇ ಬಣ್ಣ ಹಚ್ಚಿತು. ತೊಂದರೆ ಏನೆಂದರೆ, ಕೈಯಲ್ಲಿ ಉಜ್ಜಿದ ಗೆರೆಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಒಂದೇ ಥರ ಬರುವುದಿಲ್ಲ. ಪರದೆಯ ಮೇಲೆ ಬಣ್ಣ ಕುದಿಯುತ್ತಿರುವಂತೆ ಮಿಣುಗುತ್ತದೆ. ಹದದಲ್ಲಿದ್ದರೆ ಆ ಮಿಣುಗು ಚಿತ್ರಕ್ಕೆ ಉಸಿರು ಕೊಡುತ್ತದೆ, ಮಿತಿಮೀರಿದರೆ ಕಣ್ಣು ನೋಯುತ್ತದೆ. ಒಂದು ಬಟ್ಟೆಗೆ ಗೆರೆ ಯಾವ ಓರೆಯಲ್ಲಿ ಎಳೆಯಬೇಕು, ಎಷ್ಟು ಒತ್ತಬೇಕು ಎಂದು ಮಾದರಿ ಹಾಳೆಯಲ್ಲಿ ಗೊತ್ತುಮಾಡಿ ಎಲ್ಲರೂ ಅದನ್ನೇ ಪಾಲಿಸಬೇಕು. ಹಿನ್ನೆಲೆಯನ್ನೂ ಅದೇ ಕ್ರೇಯಾನಿನಲ್ಲಿ ಮಾಡಬೇಕು, ಇಲ್ಲದಿದ್ದರೆ ಪಾತ್ರ ಕತ್ತರಿಸಿ ಅಂಟಿಸಿದಂತೆ ಎದ್ದು ಕಾಣುತ್ತದೆ. ಬಿಳಿ ಹಿಮದ ಮೇಲೆ ಬಿಳಿ ಬೊಂಬೆ ಕರಗಿಹೋಗದಂತೆ ನೆರಳಿನ ಬದಿಗೆ ನೀಲಿ, ಬೂದು ಗೆರೆಗಳ ಆಸರೆ ಕೊಡಬೇಕು.

ಸಿನಿಮಾದ ಕಥೆಯೊಳಗೂ ಮಾತಿಲ್ಲ. ಹಾರುವಾಗ ಮಾತ್ರ ಒಂದು ಹಾಡು ಬರುತ್ತದೆ: ಹೊವಾರ್ಡ್ ಬ್ಲೇಕ್ ರಚಿಸಿ, ಪೀಟರ್ ಆಟಿ ಎಂಬ ಹುಡುಗ ಹಾಡಿದ ‘ವಾಕಿಂಗ್ ಇನ್ ದಿ ಏರ್’. ಇಂಥ ಕಡೆ ಸಂಗೀತ ಮೊದಲು ಸಿದ್ಧವಿದ್ದರೆ ಒಳ್ಳೆಯದು. ನಿಮಿಷಕ್ಕೆ 72 ತಾಳವಾದರೆ ತಾಳಕ್ಕೆ 20 ಫ್ರೇಮ್. ಆ ಎಣಿಕೆ ಎದುರಿಗಿದ್ದರೆ ಹಾರಾಟದ ಏರಿಳಿತವನ್ನು ರಾಗದೊಂದಿಗೆ ಹೊಂದಿಸಬಹುದು.

ಪುಸ್ತಕ ಅರ್ಧ ಗಂಟೆಗೆ ಸಾಲುವುದಿಲ್ಲ, ಸೇರಿಸಲೇಬೇಕು. ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲ. ಚಿತ್ರದಲ್ಲಿ ಅವರು ಉತ್ತರದ ಹಿಮನಾಡಿಗೆ ಹಾರಿ ಕ್ರಿಸ್‌ಮಸ್ ತಾತನನ್ನು ಕಾಣುತ್ತಾರೆ. ಈ ಸೇರ್ಪಡೆಯ ಬಗ್ಗೆ ವಾದ ಮಾಡಬಹುದು. ಪುಸ್ತಕದ ಸರಳತೆ ಅಷ್ಟರಮಟ್ಟಿಗೆ ಸಡಿಲವಾಯಿತು ಎಂದೇ ನನಗನ್ನಿಸುತ್ತದೆ. ಆದರೆ ತಾತ ಹುಡುಗನಿಗೆ ಒಂದು ಸ್ಕಾರ್ಫ್ ಕೊಡುತ್ತಾನೆ, ಅದರಿಂದ ಆದ ಕೆಲಸ ದೊಡ್ಡದು. ಪುಸ್ತಕ ಓದಿ ಮುಗಿಸಿದವರು ಇದೆಲ್ಲ ಕನಸಾಗಿರಬಹುದು ಎಂದುಕೊಳ್ಳಬಹುದು. ಚಿತ್ರದಲ್ಲಿ ಬೆಳಗಾಗುತ್ತದೆ, ಬೊಂಬೆ ಕರಗಿದೆ, ಹುಡುಗ ಜೇಬಿಗೆ ಕೈ ಹಾಕುತ್ತಾನೆ, ಸ್ಕಾರ್ಫ್ ಸಿಗುತ್ತದೆ. ಗೆಳೆಯ ನಿಜವಾಗಿಯೂ ಇದ್ದ, ಹಾಗಾಗಿ ನಿಜವಾಗಿಯೂ ಹೋದ. ಸಾಂತ್ವನಕ್ಕೆಂದು ತಂದ ವಸ್ತು ಅಲ್ಲ ಅದು, ದುಃಖವನ್ನು ಖಚಿತಪಡಿಸುವ ವಸ್ತು.

ಮಕ್ಕಳು ಅಳುತ್ತಾರೆಂದು ಈ ಜಾಗದಲ್ಲಿ ಬೊಂಬೆಯನ್ನು ಮತ್ತೆ ಎಬ್ಬಿಸಬಹುದಿತ್ತು. ಜಾಕ್ಸನ್ ಎಬ್ಬಿಸಲಿಲ್ಲ. ಹುಡುಗ ಸ್ಕಾರ್ಫ್ ಹಿಡಿದು ಹಿಮದಲ್ಲಿ ಮಂಡಿಯೂರುತ್ತಾನೆ. ಕೆಲಸ ಮಾಡಿದವರ ಹೆಸರುಗಳು ಅದರ ಮೇಲೆಯೇ ಮೂಡಿಬರುತ್ತವೆ.